ಮೊದ್ಲನೇ ಕಾಂಟ್ರಾಕ್ಟ್ ಕ್ಲಬ್ಬಿನ ಹೆಸರು ನೋಡಿ ಸೈನ್ ಮಾಡ್ಬೇಡ ತಮ್ಮ

ತಮ್ಮ, ನಿನ್ ಮೆಸೇಜ್ ಎರಡು ಸಲ ಓದ್ದೆ. ಪೊನ್ನಂಪೇಟೆ ಹುಡ್ಗ, 21 ವರ್ಷ, ಹಾಕೀಲಿ ಮಿಡ್‌ಫೀಲ್ಡ್. ಹಾಲೆಂಡಿಂದ ಎರಡು ಆಫರ್ ಬಂದಿದೆ, ಒಂದು ಅಲ್ಲಿನ ಟಾಪ್ ಲೀಗ್ ಹೂಫ್ಡ್‌ಕ್ಲಾಸ್ಸೆಯ ದೊಡ್ಡ ಕ್ಲಬ್ಬಿಂದು, ಇನ್ನೊಂದು ಅದ್ರ ಕೆಳಗಿನ ಲೀಗಿಂದು, ಅಲ್ಲಿ ಚಿಕ್ಕ ಮಕ್ಳಿಗೆ ಕೋಚಿಂಗೂ ಮಾಡ್ಬೇಕು. ಅಪ್ಪ ನೋಡಿದ್ರೆ ರೈಲ್ವೆ ಸ್ಪೋರ್ಟ್ಸ್ ಕೋಟಾ ಕೆಲ್ಸ ಬಿಡ್ಬೇಡ ಅಂತಿದಾರೆ. ನಾನು ಸೋಮವಾರಪೇಟೆಯೋನು, ನಮ್ ಹಾಕಿ ಆಟಗಾರ ಎಸ್.ವಿ. ಸುನಿಲ್ ಊರು, ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ಗೆ ಬಂದು 14 ವರ್ಷ ಆಯ್ತು, ಮಗಳು ಇಲ್ಲೇ ಕ್ಲಬ್ಬಲ್ಲಿ ಆಡ್ತಾಳೆ, ಹಂಗಾಗಿ ಕಣ್ಣಾರೆ ಕಂಡಿದ್ದನ್ನ ಹೇಳ್ತೀನಿ.

ನನ್ ಮಾತು ಕೇಳೋದಾದ್ರೆ ಎರಡನೇ ಕ್ಲಬ್ಬಿಗೆ ಸೈನ್ ಮಾಡು.

ಯಾಕೆ ಅಂದ್ರೆ, ಇಲ್ಲಿ ಪೋಷಕರು ಸರದಿ ಮೇಲೆ ಕ್ಲಬ್ ಕ್ಯಾಂಟೀನಲ್ಲಿ ಕೆಲ್ಸ ಮಾಡ್ಬೇಕು, ಒಂದ್ ನವೆಂಬರ್ ಭಾನುವಾರ ಜಡಿಮಳೆ, ನಾನು ಕೌಂಟರಲ್ಲಿದ್ದೆ, ಫಸ್ಟ್ ಟೀಮ್ ಗೆದ್ದಿತ್ತು, ಎಲ್ಲಾ ಜಗ್ ತುಂಬಾ ಬಿಯರು, ಬಿಟ್ಟರ್‌ಬಾಲನ್ ಅಂತ ಕರಿದ ಮಾಂಸದ ಉಂಡೆ ತಟ್ಟೆ ಇಟ್ಕೊಂಡು ಕೂಗಾಡ್ತಿದ್ರು. ನಮ್ ದೇಶದ ಒಬ್ಬ ಹುಡ್ಗ ಮೂಲೇಲಿ ಸ್ಟಿಕ್ ಬ್ಯಾಗನ್ನ ಮಂಡಿ ಮಧ್ಯ ಇಟ್ಕೊಂಡು, ಜಾಕೆಟ್ ಜಿಪ್ಪೂ ತೆಗೀದೆ ಕೂತಿದ್ದ. ಅವನ್ ಪೊಸಿಷನ್ನಲ್ಲಿ ಇಬ್ರು ನ್ಯಾಷನಲ್ ಪ್ಲೇಯರ್ಸು, ಐದು ವಾರದಿಂದ ಟೀಮಲ್ಲಿ ಇವನ ಹೆಸರೇ ಬಂದಿರ್ಲಿಲ್ಲ. ಟೀ ಕೊಟ್ಟೆ. ‘ಭೈಯಾ, ಮನೆಗೆ ಫೋನ್ ಮಾಡಿ ಏನಂತ ಹೇಳ್ಲಿ’ ಅಂದ. ಅವನಿಗೆ ಮನೆ ಕೊಡ್ತೀವಿ ಅಂತ ಬಾಯಲ್ಲಿ ಹೇಳಿದ್ರು, ಕೊಟ್ಟಿದ್ದು ಸೈಕಲಲ್ಲಿ 50 ನಿಮಿಷ ದೂರದ ಒಂದು ರೂಮು. ಮುಂದಿನ ಸೀಸನ್ ಸಣ್ಣ ಕ್ಲಬ್ಬಿಗೆ ಹೋದ, ಈಗ ವಾರವಾರ ಆಡ್ತಾನೆ, ಮುಖದಲ್ಲಿ ಕಳೆ ಬಂದಿದೆ.

ಕೋಚಿಂಗ್ ಅಂತ ಬೇಜಾರ್ ಮಾಡ್ಕೋಬೇಡ, ಬುಧವಾರ ಮಧ್ಯಾಹ್ನ ಎಂಟು ವರ್ಷದ ಮಕ್ಳಿಗೆ ಹೇಳ್ಕೊಟ್ರೆ ಅವರ ಅಪ್ಪ ಅಮ್ಮ ಎಲ್ಲಾ ಪರಿಚಯ ಆಗ್ತಾರೆ, ಡಚ್ ಭಾಷೆನೂ ಮಕ್ಳ ಬಾಯಿಂದ್ಲೇ ಬೇಗ ಬರುತ್ತೆ. 2024ರಲ್ಲಿ ನಾಪೋಕ್ಲು ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 360 ತಂಡ ಬಂದಿತ್ತಲ್ಲ, ಅಜ್ಜಿಯಿಂದ ಮೊಮ್ಮಕ್ಕಳ ತನಕ ಎಲ್ಲರೂ ಮೈದಾನದಲ್ಲಿ, ಇಲ್ಲಿನ ಕ್ಲಬ್ಬೂ ಹಾಗೇನೇ. ಆದ್ರೆ ನೀನಾಗೇ ಹೋಗಿ ಮಾತಾಡಿಸ್ಬೇಕು, ಮ್ಯಾಚ್ ಆದ್ಮೇಲೆ ರೂಮಿಗೆ ಓಡಿ ಹೋದ್ರೆ ಯಾರೂ ಹುಡುಕ್ಕೊಂಡ್ ಬರಲ್ಲ. ಕೋಚನ್ನ ಹೆಸರು ಹಿಡಿದೇ ಕರೀತಾರೆ, ತಪ್ಪಿದ್ರೆ ಮುಖಕ್ಕೆ ಹೇಳ್ತಾರೆ, ಅದನ್ನ ಅವಮಾನ ಅಂದ್ಕೋಬೇಡ.

ಈಗ ಕಾಗದದ ವಿಷ್ಯ, ಇದನ್ನ ಗಮನ ಇಟ್ಟು ಓದು. ಸಂಬಳ ಎಷ್ಟು ಅಂತ ಕೇಳೋವಾಗ ಬ್ರುಟೋನಾ (ಟ್ಯಾಕ್ಸ್ ಮುಂಚೆ) ನೆಟ್ಟೋನಾ (ಟ್ಯಾಕ್ಸ್ ಆದ್ಮೇಲೆ) ಅಂತ ಕೇಳು, ಟ್ಯಾಕ್ಸ್ ಕಡಿದ್ಮೇಲೆ ಕೈಗೆ ಬರೋದೇ ಬೇರೆ. ಹೆಲ್ತ್ ಇನ್ಶೂರೆನ್ಸ್ ಕಡ್ಡಾಯ, ಅದ್ರಲ್ಲೂ ವರ್ಷಕ್ಕೆ ಮೊದ್ಲ 385 ಯೂರೋ ನೀನೇ ಕಟ್ಬೇಕು, ಮಂಡಿ ಸ್ಕ್ಯಾನ್ ಮಾಡ್ಸಿದ್ರೆ ಅಲ್ಲೇ ಅದು ಮುಗಿಯುತ್ತೆ. ಮನೆ, ವಿಮಾನದ ಟಿಕೆಟ್, ಗಾಯ ಆದ್ರೆ ಸಂಬಳ ನಿಲ್ಲುತ್ತಾ ಇಲ್ವಾ, ಎಲ್ಲಾ ಬರವಣಿಗೇಲಿ ಇರ್ಲಿ. ವರ್ಕ್ ಪರ್ಮಿಟ್ ಕ್ಲಬ್ಬೇ ಹಾಕ್ಬೇಕು, ಟೂರಿಸ್ಟ್ ವೀಸಾದಲ್ಲಿ ಬಾ ಆಮೇಲೆ ನೋಡೋಣ ಅಂದ್ರೆ ಫೋನ್ ಇಟ್ಬಿಡು. ಹಾಕಿ ಇಂಡಿಯಾ ಎನ್‌ಒಸಿ (ಹೊರಗೆ ಆಡೋಕೆ ಒಪ್ಪಿಗೆ ಪತ್ರ) ಈಗ್ಲೇ ಕೇಳು.

ಇನ್ನೊಂದು, ಇಲ್ಲಿ ಡಿಸೆಂಬರಿಂದ ಫೆಬ್ರವರಿ ತನಕ ಹೊರಾಂಗಣ ಲೀಗ್ ನಿಂತಿರುತ್ತೆ, 2024ರ ಕೊನೇಲಿ ಮತ್ತೆ ಶುರುವಾದ ಹಾಕಿ ಇಂಡಿಯಾ ಲೀಗೂ ಅದೇ ಟೈಮಿಗೆ ನಡೀತು, ಇಲ್ಲಿನ ಕಾಂಪಾಂಗ್ ಕ್ಲಬ್ಬಿನ ಡಚ್ ಆಟಗಾರ ಯಿಪ್ ಯಾನ್ಸೆನ್ ಬಂದು ಆಡಿದ್ದು ಹಾಗೇ. ಆ ತಿಂಗಳಲ್ಲಿ ಊರಿಗೆ ಬಿಡ್ತೀವಿ ಅಂತ ಒಂದ್ ಸಾಲು ಸೇರ್ಸೋಕೆ ಹೇಳು.

ಅಪ್ಪನ ಮೇಲೆ ಸಿಟ್ಟಾಗ್ಬೇಡ, ಗವರ್ಮೆಂಟ್ ಕೆಲ್ಸ ಅಂದ್ರೆ ನಮ್ ಕಡೆ ಎಷ್ಟೋ ಆಟಗಾರರ ಮನೆ ನಿಂತಿದ್ದೇ ಅದ್ರಿಂದ. ರೈಲ್ವೆ ಕೆಲ್ಸಕ್ಕೆ ಸೇರೋದನ್ನ ಒಂದ್ ವರ್ಷ ಮುಂದಕ್ಕೆ ಹಾಕೋಕಾಗುತ್ತಾ ಅಂತ ಬರ್ದು ಕೇಳು, ಉತ್ರ ಬರೋ ತನಕ ಆ ಕೆಲ್ಸ ಬೇಡ ಅನ್ಬೇಡ.

ಕಾಂಟ್ರಾಕ್ಟ್ ಕಾಪಿ ಬಂದ್ರೆ ಸೈನ್ ಮಾಡೋ ಮುಂಚೆ ನಂಗೆ ಕಳ್ಸು, ಡಚ್ಚಲ್ಲಿದ್ರೆ ಕೂತು ಓದಿ ಹೇಳ್ತೀನಿ. ಸ್ಕಿಪೋಲ್ ಏರ್‌ಪೋರ್ಟಿಗೆ ನಾನೇ ಬರ್ತೀನಿ, ಅಮ್ಮನ ಹತ್ರ ಒಂದ್ ಬಾಟ್ಲು ಕಾಚಂಪುಳಿ (ನಮ್ ಕೊಡಗಿನ ಹುಳಿ) ಕಟ್ಟಿಸ್ಕೊಂಡ್ ಬಾ, ಮೊದ್ಲನೇ ರಾತ್ರಿ ಊಟ ನಮ್ಮನೇಲೇ.