ಬಂಡೆಯ ಮೇಲೆ ಕೆಲವು ಬಿರುಕು ನಿಲ್ಲುತ್ತವೆ, ಕೆಲವು ದಾಟುತ್ತವೆ. ಯಾಕೆ?

ತೀರ್ಥಹಳ್ಳಿಯ ತುಂಗಾ ಹೊಳೆಯ ಬಂಡೆಗಳಲ್ಲಿ ಕೆಲವು ಬಿರುಕು ಇನ್ನೊಂದಕ್ಕೆ ತಾಗಿ ನಿಂತುಬಿಡುತ್ತವೆ, ಕೆಲವು ದಾಟಿ ಹೋಗುತ್ತವೆ, ಯಾಕೆ ಅಂತ ಕೇಳಿದ್ದೀರಿ. ನಾನು ಭೂವಿಜ್ಞಾನ ಓದಿದವನು. ಬೇಸಿಗೆಯಲ್ಲಿ ನೀರು ಇಳಿದಾಗ ಆ ಬಂಡೆಗಳ ಮೇಲೆ ಎಷ್ಟು ಹೊತ್ತು ಕೂತರೂ ನನಗೆ ಸಾಕೆನಿಸುವುದಿಲ್ಲ.

ಒಣಗಿದ ಗದ್ದೆ ನೋಡಿದ್ದೀರಿ ಅಲ್ವಾ? ಮೊದಲು ಉದ್ದದ ಬಿರುಕು ಬರುತ್ತದೆ. ಆಮೇಲೆ ಹುಟ್ಟಿದ್ದು ಅದರವರೆಗೆ ಬಂದು ನಿಲ್ಲುತ್ತದೆ. ಬಿರುಕು ಬೆಳೆಯಲು ಅದರ ತುದಿಯಲ್ಲಿ ಎಳೆತ ಬೇಕು. ಬಾಯಿಬಿಟ್ಟ ಹಳೇ ಬಿರುಕನ್ನು ಆ ಎಳೆತ ದಾಟುವುದಿಲ್ಲ. ಅದರ ಪಕ್ಕದಲ್ಲಿ ಉಳಿಯುವುದು ಅದರ ಉದ್ದಕ್ಕಿರುವ ಎಳೆತ ಮಾತ್ರ. ಹಾಗಾಗಿ ಹೊಸದು ಹತ್ತಿರ ಬಂದಂತೆ ತಿರುಗಿ, ಸರಿಯಾಗಿ ಅಡ್ಡಕ್ಕೆ ಬಂದು ಸೇರುತ್ತದೆ. ಬಂಡೆಯ ಜಾಯಿಂಟುಗಳಲ್ಲೂ, ಅಂದರೆ ಬದಿಗಳು ಜಾರದೆ ಬರೀ ಬಾಯಿಬಿಟ್ಟ ಬಿರುಕುಗಳಲ್ಲೂ, ಇದೇ ಲೆಕ್ಕ. ತಾಗಿ ನಿಂತದ್ದು ಕಿರಿಯದು.

ದಾಟಿ ಹೋಗಿದ್ದರೆ ಹಳೆಯದರಲ್ಲಿ ಬಿಳಿ ಬೆಣಚುಕಲ್ಲು ತುಂಬಿದೆಯಾ ನೋಡಿ. ಆಳದ ಬಿಸಿನೀರು ಕರಗಿಸಿ ತಂದ ಸಿಲಿಕಾ (ಬೆಣಚುಕಲ್ಲು ಆಗುವ ವಸ್ತು) ಅಲ್ಲಿ ಗಟ್ಟಿಯಾಗಿ ಬಿರುಕನ್ನು ಬೆಸೆದಿರುತ್ತದೆ. ಹೊಸ ಬಿರುಕಿಗೆ ಅದು ಇಡೀ ಕಲ್ಲೇ. ತುಂಬದಿದ್ದರೂ ಎರಡು ಬದಿ ಬಿಗಿಯಾಗಿ ಒತ್ತಿಕೊಂಡಿದ್ದರೆ ದಾಟಬಹುದು.

ಫಾಲ್ಟ್ ಬೇರೆ. ಅಲ್ಲಿ ಬದಿಗಳು ದೂರ ಸರಿಯುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ. ಬೆಣಚಿನ ಗೆರೆ ತುಂಡಾಗಿ ಎರಡು ಬೆರಳು ಆಚೆಗೆ ಮುಂದುವರಿದಿದ್ದರೆ ಸಾಮಾನ್ಯವಾಗಿ ಅದೇ. ನನಗೆ ತುಂಬಾ ಇಷ್ಟವಾದ ಭಾಗ ಇದು: ಎಷ್ಟೋ ಸಣ್ಣ ಫಾಲ್ಟುಗಳು ಮೊದಲು ಬರೀ ಜಾಯಿಂಟುಗಳಾಗಿದ್ದವು. ಒತ್ತಡದ ದಿಕ್ಕು ಬದಲಾದಾಗ ಜಾರಿದವು. ಜಾರುವಾಗ ತುದಿಯಲ್ಲಿ ಒಂದು ಬದಿ ಎಳೆತಕ್ಕೆ ಸಿಕ್ಕಿ, ರೆಕ್ಕೆಯ ಹಾಗೆ ಓರೆಯಾಗಿ ಹೊಸ ಬಿರುಕು ಬಿಡುತ್ತದೆ. ಅದು ಅಲ್ಲಿಗೆ ಬಂದು ನಿಂತದ್ದಲ್ಲ, ಅಲ್ಲಿಂದ ಹೊರಟದ್ದು. ಸುಮ್ನೆ ಕಣ್ಣಾಡಿಸಿದರೆ ಮೋಸ ಹೋಗುತ್ತೀರಿ. ಕೋನ ನೋಡಿ.

ಇನ್ನು ಬಂಡೆ ನೆಲಕ್ಕೆ ಸಮವಾಗಿ ಪದರ ಪದರ ಎದ್ದಿದ್ದರೆ, ಅದು ಸಾಮಾನ್ಯವಾಗಿ ಮೇಲಿದ್ದ ಕಲ್ಲು ಸವೆದು ಭಾರ ಇಳಿದಾಗ ಬಂದ ಬಿರುಕು.

ಇದೆಲ್ಲ ಬರೀ ಕುತೂಹಲಕ್ಕಲ್ಲ. ನಮ್ಮ ಕಡೆಯ ನೈಸ್ (gneiss, ಆಳದ ಬಿಸಿ ಮತ್ತು ಒತ್ತಡಕ್ಕೆ ರೂಪ ಬದಲಾದ ಪಟ್ಟೆ ಪಟ್ಟೆ ಕಲ್ಲು) ಕಲ್ಲಿನ ಒಳಗೆ ನೀರಿಗೆ ಹೆಚ್ಚುಕಡಿಮೆ ಜಾಗವೇ ಇಲ್ಲ, ಗಟ್ಟಿ ಬಂಡೆಯಲ್ಲಿ ನೀರು ಇರುವುದು ಬಿರುಕಿನಲ್ಲಿ. ಅದೂ ಬಾಯಿಬಿಟ್ಟ ಬಿರುಕುಗಳು ಒಂದಕ್ಕೊಂದು ಕೂಡಿದ ಕಡೆ ಜಾಸ್ತಿ. ನಮ್ಮ ಅಡಿಕೆ ತೋಟದಲ್ಲಿ ಮೊದಲ ಬೋರ್‌ನಲ್ಲಿ ಬರೀ ಕಲ್ಲುಪುಡಿ ಬಂತು. ನಲವತ್ತು ಹೆಜ್ಜೆ ಆಚೆ ಕೊರೆಸಿದರೆ ನೀರು. ಅಪ್ಪ ಆ ದಿನ ಊಟ ಮಾಡಿದ್ದೇ ಸಂಜೆ.

ನಿಮ್ಮ ಬಂಡೆಯ ಫೋಟೋ ಹಾಕಿ. ಪಕ್ಕದಲ್ಲಿ ಒಂದು ಪೆನ್ನು ಇಟ್ಟು ತೆಗೆಯಿರಿ, ಅಳತೆ ಗೊತ್ತಾಗುತ್ತದೆ.