ಮಾತ್ರೆ ಬಿಟ್ಟ ಮೇಲೆ ಮುಟ್ಟು ಮತ್ತೆ ನಿಂತಿದೆ, ಪಿಸಿಓಎಸ್ ಇರಬಹುದೇ?

ಮೂರೂವರೆ ತಿಂಗಳಿಂದ ಮುಟ್ಟಿಲ್ಲ, ಗದ್ದದ ಮೇಲೆ ದಪ್ಪ ಕೂದಲು, ಕತ್ತಿನ ಹಿಂದೆ ಕಪ್ಪು: ನೀವು ಬರೆದ ಲಕ್ಷಣಗಳಿಗೆ ಪಿಸಿಓಎಸ್ಸೇ (ಹಾರ್ಮೋನ್ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ) ಹೆಚ್ಚು ಹೊಂದುತ್ತದೆ. ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವಾಗ ತಿಂಗಳಿಗೊಮ್ಮೆ ಆದದ್ದು ಮಾತ್ರೆಯಿಂದಾದ ರಕ್ತಸ್ರಾವ, ಮೂಲ ತೊಂದರೆ ಹಾಗೇ ಉಳಿದಿತ್ತು. ಆದರೆ ಪರೀಕ್ಷೆಯಿಲ್ಲದೆ ಖಚಿತ ಹೇಳಲಾಗದು. ಥೈರಾಯ್ಡ್ ದೋಷ, ಎದೆಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್ ಹೆಚ್ಚಳವೂ ಮುಟ್ಟು ನಿಲ್ಲಿಸುತ್ತವೆ.

ಮದುವೆಯಾಗಿದೆ ಎಂದಿದ್ದೀರಿ, ಹಾಗಾಗಿ ಮೊದಲು ಗರ್ಭಪರೀಕ್ಷೆ. ಅದು ನೆಗೆಟಿವ್ ಬಂದರೆ ಈ ವಾರವೇ ಸ್ತ್ರೀರೋಗ ತಜ್ಞರನ್ನು ನೋಡಿ. 90 ದಿನ ದಾಟಿದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ಇದನ್ನು ಮುಂದೂಡಬೇಡಿ. ಸಾಮಾನ್ಯವಾಗಿ 10 ದಿನದ ಪ್ರೊಜೆಸ್ಟೆರಾನ್ ಬಗೆಯ ಮಾತ್ರೆ ಕೊಟ್ಟು ಮುಟ್ಟು ತರಿಸುತ್ತಾರೆ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಪ್ರೊಲ್ಯಾಕ್ಟಿನ್, ಟೆಸ್ಟೋಸ್ಟೆರಾನ್ (ಗಂಡು ಹಾರ್ಮೋನ್), 17-ಓಎಚ್ ಪ್ರೊಜೆಸ್ಟೆರಾನ್ (ಅಡ್ರಿನಲ್ ಗ್ರಂಥಿಯ ದೋಷ ತಿಳಿಯಲು), ಜೊತೆಗೆ 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆ ಬಳಿಕದ ಸಕ್ಕರೆ ಪರೀಕ್ಷೆ ಕೇಳಿ. ಬರೀ ಖಾಲಿಹೊಟ್ಟೆಯ ಸಕ್ಕರೆ ನೋಡಿದರೆ ತೊಂದರೆ ತಪ್ಪಿಹೋಗಬಹುದು.

ನಿಮ್ಮ ಅಂಡಾಶಯದ ಸ್ಕ್ಯಾನ್‌ನಲ್ಲಿ ಕಂಡ ‘ಗುಳ್ಳೆ’ಗಳು ಗಡ್ಡೆಯಲ್ಲ, ಅರ್ಧ ಬೆಳೆದು ನಿಂತ ಅಂಡಾಣು ಚೀಲಗಳು. ದಯವಿಟ್ಟು ಹೆದರಬೇಡಿ.

ತೂಕ 78 ಕೆಜಿ ಅಂದಿರಿ. 4ರಿಂದ 8 ಕೆಜಿ ಇಳಿದರೂ ಹಲವರಿಗೆ ಮುಟ್ಟು ಮರಳುತ್ತದೆ. ಅನ್ನ ಬಿಟ್ಟು ಎರಡು ಮುದ್ದೆ ತಿಂದರೆ ಲಾಭವಿಲ್ಲ, ರಾಗಿಯೂ ಪಿಷ್ಟವೇ. ಒಂದೇ ಮುದ್ದೆ, ತಟ್ಟೆಯ ಅರ್ಧ ಪಲ್ಯ, ಜೊತೆಗೆ ಕಾಳು ಅಥವಾ ಮೊಟ್ಟೆ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ. ಮೆಟ್‌ಫಾರ್ಮಿನ್ (ಸಕ್ಕರೆ ಹತೋಟಿಯ ಮಾತ್ರೆ) ಬರೆದುಕೊಟ್ಟರೆ ಊಟದ ಜೊತೆಗೇ ನುಂಗಿ, ಇಲ್ಲವಾದರೆ ಭೇದಿ ಕಾಡಬಹುದು. ಗದ್ದದ ಕೂದಲು ಕಡಿಮೆಯಾಗಲು ಆರು ತಿಂಗಳಾದರೂ ಬೇಕು. ಈಗ ಮಗು ಬೇಡವೆಂದರೆ ಗರ್ಭನಿರೋಧಕ ಬಿಡಬೇಡಿ, ಮುಟ್ಟಿಲ್ಲದಿದ್ದರೂ ಗರ್ಭ ನಿಲ್ಲಬಹುದು.