ಹಾರುಬೂದಿ ಕಾಂಕ್ರೀಟಿಗೆ ಅಡಿಕೆ ಸಿಪ್ಪೆಯ ನಾರು ಹಾಕಿ ಮನೆ ಕಟ್ಟಬಹುದೇ?

ಚನ್ನಗಿರಿ ಕಡೆ ತೋಟ ಇದೆ, ಸುಲಿದ ಅಡಿಕೆ ಸಿಪ್ಪೆ ರಾಶಿಗಟ್ಟಲೆ ಕೊಳೆಯುತ್ತಿದೆ, ಅದರ ನಾರನ್ನು ಹಾರುಬೂದಿಯ (ಕಲ್ಲಿದ್ದಲು ಉರಿಸುವ ವಿದ್ಯುತ್ ಕೇಂದ್ರದ ಹೊಗೆಯಿಂದ ಹಿಡಿದ ನುಣ್ಣನೆಯ ಬೂದಿ) ಕಾಂಕ್ರೀಟಿಗೆ ಬೆರೆಸಿ ಮನೆ ಕಟ್ಟಿಸಿದರೆ ಬಾಳಿಕೆ ಬರುತ್ತದೆಯೇ ಎಂದು ಕೇಳಿದ್ದೀರಿ.

ಪಾಯ, ಕಾಲಂ, ಬೀಮ್, ತಾರಸಿಗೆ ಹಾರುಬೂದಿಯ ಸಿಮೆಂಟ್ ಧಾರಾಳವಾಗಿ ಬರಲಿ, ನಾರು ಬೇಡ. ಅಡಿಕೆ ಒಣಗಿಸುವ ಕಣ, ಅಂಗಳ, ನೆಲದ ಬೆಡ್ ಕಾಂಕ್ರೀಟಿಗೆ ನಾರು ಹಾಕಿ, ಒಳ್ಳೆಯದೇ ಆಗುತ್ತದೆ. ನಾನು ಸಿವಿಲ್ ಎಂಜಿನಿಯರ್, ಕಾಂಕ್ರೀಟಿಗೆ ಯಾವುದು ಎಷ್ಟು ಬೆರೆಸಬೇಕೆಂದು ಲೆಕ್ಕ ಹಾಕುವ ಮಿಕ್ಸ್ ಡಿಸೈನ್ ನನ್ನ ಕೆಲಸ. ಹೀಗೇಕೆ ಹೇಳುತ್ತಿದ್ದೇನೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಬೂದಿಗೂ ನಾರಿಗೂ ಇರುವ ನಂಟನ್ನು ಹೆಚ್ಚಿನವರು ಗಮನಿಸುವುದಿಲ್ಲ.

ಸಿಮೆಂಟ್ ನೀರು ಕುಡಿದು ಗಟ್ಟಿಯಾಗುವಾಗ ಒಂದಷ್ಟು ಸುಣ್ಣವನ್ನು ಹೊರಗೆ ಬಿಡುತ್ತದೆ. ಈ ಸುಣ್ಣದಿಂದ ಬಲವೇನೂ ಬರುವುದಿಲ್ಲ. ಹಾರುಬೂದಿಯಲ್ಲಿರುವ ಸಿಲಿಕಾ ಅದನ್ನು ಹಿಡಿದು, ಸಿಮೆಂಟಿನದೇ ಥರದ ಅಂಟನ್ನು ಮತ್ತೆ ಕಟ್ಟುತ್ತದೆ. ಕೆಲಸ ನಿಧಾನ, ಆದರೆ ತಿಂಗಳುಗಟ್ಟಲೆ ನಡೆಯುತ್ತಲೇ ಇರುತ್ತದೆ. ಇದು ನಮ್ಮ ನಾಡಿಗೆ ಹೊಸ ವಿದ್ಯೆಯೇನಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ, ಅಂದರೆ ಸುಣ್ಣಕ್ಕೆ ಸುಟ್ಟ ಮಣ್ಣಿನ ಪುಡಿ ಬೆರೆಸಿದ ಗಾರೆ. ಆ ಪುಡಿ ಸುಣ್ಣದ ಜತೆ ಮಾಡುವ ಕೆಲಸವನ್ನೇ ಇವತ್ತು ರಾಯಚೂರಿನ ಶಕ್ತಿನಗರದ ವಿದ್ಯುತ್ ಕೇಂದ್ರದ ಬೂದಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಕುಲುಮೆಯ ಕಿಟ್ಟ) ಮಾಡಬಲ್ಲವು.

ಇದರಿಂದ ಪರಿಸರಕ್ಕೆ ಆಗುವ ಲಾಭ ಸಣ್ಣದಲ್ಲ. ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿಗೆ ಕಾಯಿಸಿ ಸಿಮೆಂಟ್ ಮಾಡುತ್ತಾರೆ. ಒಂದು ಕೆಜಿ ಓಪಿಸಿ (ಬೂದಿ ಬೆರೆಸದ ಸಾಧಾರಣ ಪೋರ್ಟ್‌ಲ್ಯಾಂಡ್) ಸಿಮೆಂಟಿಗೆ ಹೆಚ್ಚುಕಡಿಮೆ 0.8ರಿಂದ 0.9 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಕಲ್ಲಿನಿಂದಲೇ, ಉರಿಸುವ ಇಂಧನದಿಂದಲ್ಲ. ಹಾಗಾಗಿ ಸಿಮೆಂಟನ್ನೇ ಕಡಿಮೆ ಮಾಡಿದಷ್ಟೂ ಉಳಿತಾಯ. ನಾರಿನಿಂದ ಈ ಲೆಕ್ಕದಲ್ಲಿ ದೊಡ್ಡ ಲಾಭವಿಲ್ಲ, ಅದರ ಉಪಯೋಗ ಬೇರೆ.

ಹಾಗಾದರೆ ನಾರು ಏತಕ್ಕೆ? ಕಾಂಕ್ರೀಟ್ ಹಾಸಿದ ಮೊದಲ ಕೆಲವು ಗಂಟೆ ಬಿಸಿಲು, ಗಾಳಿಗೆ ಮೇಲ್ಮೈಯ ನೀರು ಬೇಗ ಆರಿ ಕೂದಲೆಳೆಯ ಬಿರುಕು ಬೀಳುತ್ತದಲ್ಲ, ಅದನ್ನು ನಾರು ತಡೆಯುತ್ತದೆ. ಬಿರುಕು ಬಿದ್ದರೂ ಎರಡು ಬದಿಯನ್ನು ಹಿಡಿದುಕೊಳ್ಳುತ್ತದೆ, ಪೆಟ್ಟು ಬಿದ್ದಾಗ ಕಾಂಕ್ರೀಟ್ ಒಂದೇ ಸಲಕ್ಕೆ ಒಡೆಯುವುದಿಲ್ಲ. ಹಿಂದಿನವರು ಮಣ್ಣಿನ ಗೋಡೆಗೆ ಹುಲ್ಲು ತುಳಿದು ಸೇರಿಸುತ್ತಿದ್ದದ್ದೂ ಇದಕ್ಕೇ. ಆದರೆ ನಾರು ಹಾಕಿದರೆ ಭಾರ ಹೊರುವ ಬಲ ಹೆಚ್ಚುವುದಿಲ್ಲ, ಜಾಸ್ತಿ ಹಾಕಿದರೆ ಕಡಿಮೆಯೇ ಆಗುತ್ತದೆ. ಕಂಬಿಯ ಬದಲು ನಾರು ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ, ಇದು ಜೀವದ ಪ್ರಶ್ನೆ.

ಇನ್ನೊಂದು ತೊಡಕಿದೆ. ಮಣ್ಣಿನ ಗೋಡೆಯಲ್ಲಿ ಕಾಂಕ್ರೀಟಿನಷ್ಟು ಕ್ಷಾರವಿಲ್ಲ. ಕಾಂಕ್ರೀಟಿನ ಒಳಗಿನ ತೇವದ ಪಿಎಚ್ (ಕ್ಷಾರದ ಅಳತೆ, ಶುದ್ಧ ನೀರಿಗೆ 7) 12.5ರಿಂದ 13ರವರೆಗೆ ಇರುತ್ತದೆ. ಆ ಕ್ಷಾರಕ್ಕೆ ನಾರಿನ ಎಳೆಯನ್ನು ಬೆಸೆದು ಹಿಡಿದಿರುವ ಲಿಗ್ನಿನ್, ಹೆಮಿಸೆಲ್ಯುಲೋಸ್ ಎಂಬ ಅಂಶಗಳು ನಿಧಾನವಾಗಿ ಕರಗುತ್ತವೆ. ಎಳೆಯ ಒಳಗೆ ಸುಣ್ಣ ತುಂಬಿಕೊಂಡು ವರ್ಷ ಕಳೆದಂತೆ ಅದು ಪೆಡಸಾಗುತ್ತದೆ. ಲಿಗ್ನಿನ್ ಹೆಚ್ಚಿರುವ ತೆಂಗಿನ ನಾರು ಇದನ್ನು ಚೆನ್ನಾಗಿ ತಡೆಯುತ್ತದೆ. ಅಡಿಕೆ ನಾರಿನಲ್ಲಿ ಲಿಗ್ನಿನ್ ಕಡಿಮೆ. ಹಾರುಬೂದಿ ನಾರಿಗೆ ನೆರವಾಗುವುದು ಇಲ್ಲಿಯೇ: ಅದು ಸುಣ್ಣವನ್ನು ತಿಂದುಹಾಕಿದಷ್ಟೂ ನಾರು ಹೆಚ್ಚು ಕಾಲ ಉಳಿಯುತ್ತದೆ. ಬೂದಿಯೋ ಸ್ಲ್ಯಾಗೋ ಇಲ್ಲದ ಬರೀ ಓಪಿಸಿಗೆ ಗಿಡದ ನಾರು ಹಾಕುವುದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಕಣಕ್ಕೆ ಹೀಗೆ ಮಾಡಿ. ಬೂದಿಯನ್ನು ಬೇರೆಯಾಗಿ ತರಬೇಡಿ, ಅಂಗಡಿಯಲ್ಲಿ ಸಿಗುವ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ) ಸಿಮೆಂಟಿನಲ್ಲೇ ಶೇ. 15ರಿಂದ 35ರಷ್ಟು ಹಾರುಬೂದಿ ಇರುತ್ತದೆ. ಅದಕ್ಕೆ ಸೈಟಿನಲ್ಲಿ ಮತ್ತೆ ಬೂದಿ ಸುರಿದರೆ ಬಲ ಕುಸಿಯುತ್ತದೆ. ವಿದ್ಯುತ್ ಕೇಂದ್ರದ ಹೊಂಡದಲ್ಲಿ ಬಿದ್ದಿರುವ ಒರಟು ಬೂದಿಯಂತೂ ಇದಕ್ಕೆ ಬಾರದು. ಅಕ್ಕಿ ಗಿರಣಿಯ ಕಪ್ಪು ಬೂದಿಯೂ ಬೇಡ.

ಸಿಪ್ಪೆಯನ್ನು ನೆನೆಹಾಕಿ ನಾರು ಬಿಡಿಸಿ, ಚೊಗರು ಬಿಡುವುದು ಪೂರ್ತಿ ನಿಲ್ಲುವವರೆಗೆ ನೀರು ಬದಲಿಸುತ್ತ ತೊಳೆಯಿರಿ. ಚೊಗರು, ಸಕ್ಕರೆಯ ಅಂಶ ಉಳಿದರೆ ಕಾಂಕ್ರೀಟ್ ಹೊತ್ತಿಗೆ ಸರಿಯಾಗಿ ಸೆಟ್ ಆಗುವುದಿಲ್ಲ. ಇಷ್ಟು ರಗಳೆ ಬೇಡ ಎನಿಸಿದರೆ ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ನಾರು ತರಿಸಿ. ಬಾಳಿಕೆಯ ದೃಷ್ಟಿಯಿಂದ ನನ್ನ ಮೊದಲ ಆಯ್ಕೆಯೂ ಅದೇ. ಎಳೆಗಳನ್ನು ಸುಮಾರು ಒಂದು ಇಂಚಿಗೆ ಕತ್ತರಿಸಿ, ಐವತ್ತು ಕೆಜಿಯ ಒಂದು ಮೂಟೆಗೆ ಕಾಲು ಕೆಜಿಯಿಂದ ಅರ್ಧ ಕೆಜಿ ಸಾಕು. ಒಣ ನಾರು ಕಾಂಕ್ರೀಟಿನ ನೀರನ್ನೇ ಹೀರುತ್ತದೆ, ಅದಕ್ಕೇ ಮೊದಲೇ ನೆನೆಸಿ, ನೀರು ಬಸಿದು ಇಟ್ಟುಕೊಳ್ಳಿ. ಜೆಲ್ಲಿ, ಮರಳು, ಸಿಮೆಂಟ್, ನೀರು ಬೆರೆತ ಮೇಲೆ ಮಿಕ್ಸರ್ ತಿರುಗುತ್ತಿರುವಾಗಲೇ ಸ್ವಲ್ಪ ಸ್ವಲ್ಪ ಉದುರಿಸಿ. ಒಮ್ಮೆಗೇ ಹಾಕಿದರೆ ಉಂಡೆ ಕಟ್ಟುತ್ತದೆ. ಕಲಸು ಬಿಗಿಯಾಯಿತು ಎಂದು ಮೇಸ್ತ್ರಿ ನೀರು ಸುರಿಯಲು ಹೊರಟರೆ ತಡೆಯಿರಿ. ನಾರು ಬಿದ್ದ ಕಲಸು ಬಿಗಿಯಾಗಿಯೇ ಇರುತ್ತದೆ.

ನೀರುಣಿಸುವುದರಲ್ಲಿ ಉದಾಸೀನ ಮಾಡಬೇಡಿ. ಬೂದಿಯ ಸಿಮೆಂಟಿಗೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವುದು ಕನಿಷ್ಠ 10 ದಿನ, ಒಣ ಬಿಸಿಲಿನ ಕಾಲದಲ್ಲಿ 14. ಮನೆಯ ಆರ್‌ಸಿಸಿಗೂ (ಕಂಬಿ ಹಾಕಿದ ಕಾಂಕ್ರೀಟ್) ಪಿಪಿಸಿ ಬಳಸುವುದಾದರೆ ಇದೇ ಲೆಕ್ಕ, ಜತೆಗೆ ಸೆಂಟ್ರಿಂಗ್ ಬಿಚ್ಚಲು ಅವಸರ ಬೇಡ, ಮೊದಲ ದಿನಗಳಲ್ಲಿ ಬಲ ತುಸು ನಿಧಾನಕ್ಕೆ ಬರುತ್ತದೆ. ಕಾಂಕ್ರೀಟ್ ಹಾಕುವ ದಿನ ಅದೇ ಕಲಸಿನಿಂದ ಪರೀಕ್ಷೆಗೆಂದು ಕ್ಯೂಬ್ (ಚೌಕ ಅಚ್ಚಿನ ತುಂಡು) ತೆಗೆಸಿ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ 7 ಮತ್ತು 28ನೇ ದಿನ ಒಡೆಸಿ ನೋಡಿ. ಫಲಿತಾಂಶ ಇಲ್ಲಿ ಹಾಕಿದರೆ ಮುಂದಿನ ಪಾಲಿಗೆ ನಾರಿನ ಪ್ರಮಾಣ ಬದಲಿಸಬೇಕೇ ಎಂದು ಹೇಳುತ್ತೇನೆ.